ದೀಪ ದೊಡ್ಡದಾಗೇತ್ರಿ

ಜಮಖಂಡಿಯ ಹೊಸ ಬಡಾವಣೆಯ ಆ ಮನೆಯಲ್ಲಿ ಇಂಟರ್ನೆಟ್ಟು ಮುನಿಸಿಕೊಂಡ ಅಳಿಯನ ಹಾಗೆ ಇತ್ತು. ಕರೆದರೆ ಬರುತ್ತಿತ್ತು, ಕೂತು ನಾಲ್ಕು ಮಾತಾಡುವಷ್ಟರಲ್ಲಿ ಹೇಳದೆ ಕೇಳದೆ ಎದ್ದು ಹೋಗುತ್ತಿತ್ತು. ಅದನ್ನು ರಮಿಸಿ ಕೂರಿಸುವ ಹೊಣೆ ಸೊಸೆ ರಂಜನಾಳ ತಲೆಗೆ ಬಿದ್ದಿತ್ತು.

ರಂಜನಾ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರ ವರದಿಗಳನ್ನು ಟೈಪು ಮಾಡುತ್ತಿದ್ದವಳು. ಹೆರಿಗೆಗೆ ಬಂದವಳು ಮಗಳು ಉಮಾಶ್ರೀ ಅಂಬೆಗಾಲಿಡುವ ತನಕ ರಜೆ ಎಳೆದಿದ್ದಳು. ಇನ್ನು ಎಳೆಯೋಣವೆಂದರೆ ರಜೆಯೇ ಉಳಿದಿರಲಿಲ್ಲ. ಅಷ್ಟರಲ್ಲಿ ಬೇರೊಂದು ಕಂಪನಿ, ಮನೆಯಲ್ಲೇ ಕೂತು ಡಾಕ್ಟರ ಧ್ವನಿ ಕೇಳಿ ಟೈಪು ಮಾಡುವ ಕೆಲಸ ಕೊಡುತ್ತೇನೆ ಅಂದಿತ್ತು. ಅದಕ್ಕೊಂದು ಪರೀಕ್ಷೆ, ಶನಿವಾರ. ಮೊಬೈಲ್ ನೆಟ್ಟು ನಡೆಯದು, ತಂತಿಯದೇ ಬೇಕು, ನಡುವೆ ಕಡಿದುಹೋದರೆ ಮತ್ತೊಂದು ಅವಕಾಶವಿಲ್ಲ ಎಂಬುದು ಕರಾರು. ಪಾಸಾದರೆ ಮಗಳ ಹತ್ತಿರ ಇರಬಹುದು. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸು ಹತ್ತಬೇಕು, ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ. ಅದನ್ನು ನೆನೆದಾಗಲೆಲ್ಲ ರಂಜನಾ ಮಗಳನ್ನು ಎತ್ತಿಕೊಂಡುಬಿಡುತ್ತಿದ್ದಳು.

ರೂಟರಿನ ಡಬ್ಬಿ ಇದ್ದದ್ದು ನಡುಮನೆಯ ದೇವರ ಜಗಲಿಯ ಮೇಲೆ. ತಂತಿ ಎಳೆದ ಹಣಮಂತ ಪ್ಲಗ್ಗು ಕಂಡಲ್ಲಿ ಅದನ್ನು ಕೂರಿಸಿ ಹೋಗಿದ್ದ, ಆ ಪ್ಲಗ್ಗು ಬೀರೇಶ್ವರನ ಫೋಟೋಕ್ಕೆ ಸುತ್ತಿದ ಬಣ್ಣದ ದೀಪಗಳ ಸರಕ್ಕೆಂದು ಹಾಕಿಸಿದ್ದು. ಅತ್ತೆ ಕರೆವ್ವ ಬೇಡವೆನ್ನಲಿಲ್ಲ. ಮರುದಿನವೇ ಡಬ್ಬಿಯ ನೆತ್ತಿಗೆ ಚಿಟಿಕೆ ಭಂಡಾರದ ಅರಿಶಿನ ಹಚ್ಚಿದಳು. ರಂಜನಾಳ ಗಂಡ ಯಲ್ಲಾಲಿಂಗ ತುಬಚಿಯ ಪಂಪ್‌ಹೌಸಿನಲ್ಲಿ ಆಪರೇಟರ್. ಕೃಷ್ಣೆಯ ನೀರನ್ನು ಗುಡ್ಡಕ್ಕೆ ಏರಿಸುವ ಅವನಿಗೆ ಈ ಅಂಗೈಯಗಲದ ಡಬ್ಬಿ ಬಗ್ಗಲಿಲ್ಲ.

ರಂಜನಾ ಒಳಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಗಿಸಿ ತಾಲೀಮಿಗೆ ಕೂತರೆ ಸಾಕು, ಸ್ವಲ್ಪ ಹೊತ್ತಿಗೆಲ್ಲ ಡಾಕ್ಟರ ದನಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ರಬಕವಿಯ ಮಗ್ಗದ ಓಣಿಯಲ್ಲಿ ಬೆಳೆದವಳು ಅವಳು. ಸಪ್ಪಳ ನಿಂತರೆ ಎಲ್ಲೋ ಎಳೆ ಕಡಿದಿದೆ ಎಂದೇ ಅವಳ ಮೈಗೆ ಗೊತ್ತು. ಎದ್ದು, ಕೂತು, ಉಗುರು ಕಚ್ಚಿ, ಸಹಾಯವಾಣಿಗೆ ಫೋನು ಹಚ್ಚುತ್ತಿದ್ದಳು. ಒಬ್ಬರು ಡಬ್ಬಿಯ ಮುಂದೆ ನಿಂತು ಲೈಟು ನೋಡಿ ಹೇಳಬೇಕು, ಇನ್ನೊಬ್ಬರು ಲ್ಯಾಪ್‌ಟಾಪಿನ ಮುಂದೆ ಕೂರಬೇಕು ಎಂದು ಅವರು ಹೇಳಿದ್ದರಿಂದ, ಬಾಗಿಲ ಸಂದಿಯಿಂದ ಫೋನನ್ನು ಅತ್ತೆಯ ಕೈಗಿತ್ತು ಓಡಿ ಬಂದು ಕೂರುತ್ತಿದ್ದಳು. ಆಚೆ ಏನು ಮಾತಾಗುತ್ತಿತ್ತೋ, ಸ್ವಲ್ಪದರಲ್ಲೇ ನೆಟ್ಟು ತಾನಾಗಿ ಬರುತ್ತಿತ್ತು. ಹಿಂದೆಯೇ ಮೊಬೈಲಿಗೆ ಸಂದೇಶ ಬೀಳುತ್ತಿತ್ತು: ಲೈಟ್ ಸರಿಯಾಗಿದೆ, ದೂರು ಮುಗಿದಿದೆ.

ಸಹಾಯವಾಣಿಯವರು ಲ್ಯಾಪ್‌ಟಾಪಿನ ದೋಷ ಅಂದರು. ಯಲ್ಲಾಲಿಂಗ ಅದನ್ನು ರಿಪೇರಿಗೆ ಹೊತ್ತು ಮುಧೋಳಕ್ಕೆ ಹೋಗಿಬಂದ. ಹಣಮಂತ ಕಬ್ಬಿನ ಟ್ರ್ಯಾಕ್ಟರಿನ ದೋಷ ಅಂದ. ಹೇರು ಎತ್ತರವಾಗಿ ತಂತಿಗೆ ತಾಗುತ್ತದಂತೆ. ಕಂಬ ಹತ್ತಿ ತಂತಿಯನ್ನೇ ಬದಲಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಊರೆಲ್ಲದರ ದೋಷ ತೆಗೆದದ್ದಾಯಿತು, ನೆಟ್ಟು ಮಾತ್ರ ಹೋಗುತ್ತಲೇ ಇತ್ತು.

ಶುಕ್ರವಾರ ಮತ್ತೆ ಬಂದ ಹಣಮಂತ ಡಬ್ಬಿ ಮುಟ್ಟಿ ನೋಡಿ, ತಲೆ ಕೆರೆದುಕೊಂಡ.

"ನಾ ಬಂದಾಗೆಲ್ಲಾ ಛಲೋ ಇರ್ತೈತ್ರಿ ಬಾಯಾರ. ಒಂಚೂರ ಬಿಸಿ ಐತಿ, ಬ್ಯಾಸಗ್ಯಾಗ ಎಲ್ಲಾ ಬಿಸೀನ. ಮನ್ಯಾಗ ಯಾರರೆ ಬಂದ್ ಮಾಡ್ತಾರೇನು, ನೋಡ್ರಿ."

ಆಡಿದವನು ಆಡಿ ಹೋದ. ಸಂಶಯ ಮನೆಯಲ್ಲೇ ಉಳಿಯಿತು. ಮನೆಯಲ್ಲಿ ಯಾರು? ಯಲ್ಲಾಲಿಂಗ ಕೆಲಸಕ್ಕೆ ಹೋಗಿರುತ್ತಾನೆ, ಉಮಾಶ್ರೀಯ ಕೈ ಜಗಲಿಗೆ ಎಟುಕುವುದಿಲ್ಲ. ಉಳಿದವಳು ಕರೆವ್ವ ಒಬ್ಬಳೇ. ಸೊಸೆ ಮನೆಯಲ್ಲಿ ಕೂತು ದುಡಿಯುವುದು ಅವಳಿಗೆ ಬೇಡವಾಗಿದೆಯೆ? ಕೂಸು ತನಗೊಬ್ಬಳಿಗೇ ಬೇಕಾಗಿದೆಯೆ? ಕುರಿ ಕಾಯಲು ತೋಳವನ್ನೇ ನಿಲ್ಲಿಸಿದೆನಲ್ಲ ಎಂದು ರಂಜನಾ ರೊಟ್ಟಿ ಬಡಿಯುತ್ತ ಬಡಿಯುತ್ತ ಹಿಟ್ಟಿನ ಮೇಲೆ ಸಿಟ್ಟು ತೀರಿಸಿದಳು. ಅತ್ತೆ ಬಡಿಸಿದ ಪಲ್ಯವನ್ನು ಆ ದಿನ ತಾಟಿನಲ್ಲೇ ಬಿಟ್ಟು ಎದ್ದಳು.

ಶನಿವಾರ ಪರೀಕ್ಷೆಗೆ ಇನ್ನೂ ಸಮಯವಿರುವಾಗಲೇ ಅವಳು ಒಳಗೆ ಕೂತು ತಾಲೀಮು ಶುರುಮಾಡಿದಳು. ದನಿ ನಿಂತಿತು. ಫೋನು ಹಚ್ಚಿ, ಸ್ಪೀಕರ್ ಒತ್ತಿ, ಬಾಗಿಲ ಸಂದಿಯಿಂದ ಅತ್ತೆಯ ಕೈಗೆ ಕೊಟ್ಟಳು. ಈ ಸಲ ಓಡಿ ಹೋಗಿ ಕೂರಲಿಲ್ಲ. ಅದೇ ಸಂದಿಗೆ ಕಣ್ಣು ಕೀಲಿಸಿ ನಿಂತಳು.

ಕರೆವ್ವ ಜಗಲಿಯ ಹತ್ತಿರ ಹೋದಳು. ಡಬ್ಬಿ ಕಾಣಲಿಲ್ಲ. ಅದು ಇದ್ದಲ್ಲಿ ಕರಿಯ ಕಂಬಳಿಯ ಗುಪ್ಪೆಯೊಂದಿತ್ತು. ಕರೆವ್ವ ಕಂಬಳಿಯನ್ನು ಎರಡೂ ಕೈಯಿಂದ ಎತ್ತಿ, ಕಣ್ಣಿಗೊತ್ತಿಕೊಂಡು, ಮಡಿಚಿ ದೇವರ ಹಿಂದೆ ಇಟ್ಟಳು. ಆಮೇಲೆ ಬಗ್ಗಿ ಡಬ್ಬಿ ನೋಡಿದಳು.

"ಅಮ್ಮಾ, ಹಸಿರು ಲೈಟ್ ಹೇಗಿದೆ ಹೇಳಿ?" ಫೋನಿನಲ್ಲಿ ಬೆಂಗಳೂರಿನ ಹುಡುಗನ ದನಿ.

"ದೊಡ್ಡದಾಗೇತ್ರಿ."

"ದೊಡ್ಡದಾಗಿ ಉರೀತಿದೆಯಾ? ತುಂಬಾ ಒಳ್ಳೇದು. ಪಕ್ಕದ್ದು?"

"ಅದೂ ದೊಡ್ಡದಾತ್ರಿ. ಎಲ್ಲಾ ದೊಡ್ಡವಾಗ್ಯಾವ."

"ಹಾಗಾದ್ರೆ ಲೈನ್ ಚೆನ್ನಾಗಿದೆ ಅಮ್ಮಾ. ಕಂಪ್ಲೇಂಟ್ ಕ್ಲೋಸ್ ಮಾಡ್ತೀನಿ."

ರಂಜನಾ ಬಾಗಿಲು ದೂಡಿಕೊಂಡು ಬಂದಳು. ಡಬ್ಬಿಯ ಮೇಲೆ ಕೈಯಿಟ್ಟರೆ ಒಲೆಯಿಂದ ಇಳಿಸಿದ ಹಂಚಿನಂತೆ ಸುಟ್ಟಿತು. ಒಂದು ದೀಪವೂ ಉರಿಯುತ್ತಿರಲಿಲ್ಲ.

"ಏನ ಮಾಡಾಕತ್ತೀರಿ ಅತ್ತಿ ನೀವು? ಕಂಬಳಿ ಯಾಕ ಮುಚ್ಚಿದ್ರಿ?"

ಕರೆವ್ವ ಗಾಬರಿಯಾದಳು. "ದಿಟ್ಟಿ ಆಗಬಾರದಂತ ಹೊಚ್ಚತಿದ್ನೆವ್ವಾ, ನೀ ಕೆಲಸಕ್ಕ ಕುಂತಾಗಷ್ಟ. ಓಣ್ಯಾಗಿನವರು ಬಂದ ಬಂದ ನೋಡತಾರ, ನಿಮ್ಮ ಸೊಸಿಗೆ ಡಬ್ಬ್ಯಾಗಿಂದ ಪಗಾರ ಬರತೈತಂತಲ್ಲ ಅಂತಾರ. ಇದು ದೇವರ ಕಂಬಳಿ. ಇದರ ಕೆಳಗ ಇದ್ದದ್ದಕ್ಕ ಏನೂ ಆಗೂದಿಲ್ಲ."

"ಮತ್ತ ದೀಪ ಆರೇತಿ ಅಂತ ಅವಗ ಹೇಳಾಕ ಏನಾಗಿತ್ತು? ದೊಡ್ಡದಾಗೇತಿ ಅಂದ್ರ ಆ ಹುಡಗ ಏನ ತಿಳಕೋಬೇಕು?"

ಕರೆವ್ವ ಚಟ್ಟನೆ ಸೊಸೆಯ ಬಾಯಿಗೆ ಕೈ ಅಡ್ಡ ಹಿಡಿದಳು.

"ಹಂಗ ಅನಬ್ಯಾಡ. ಜಗಲಿ ಮ್ಯಾಲಿನ ದೀಪ ಅದು, ಕೂಸಿರೂ ಮನಿ. ನಿನ್ನ ಅನ್ನ ಬ್ಯಾರೆ ಅದರಾಗ ಐತಿ. ನಾ ಹೆಂಗ ಆ ಮಾತ ಆಡ್ಲಿ? ಅದಕ್ಕ ದೊಡ್ಡದಾತು ಅಂತನ ಅನಬೇಕು." ಅವಳ ದನಿ ಸಣ್ಣಗಾಯಿತು. "ನಿನ್ನ ಗಂಡನ್ನ ಇದ ಕಂಬಳ್ಯಾಗ ಕಟಗೊಂಡು ಹೊಳಿ ದಂಡಿಗುಂಟ ಕುರಿ ಹಿಂದ ತಿರಿಗೇನಿ. ಮಳ್ಯಾಗೂ ಬಿಟ್ಟಿಲ್ಲ, ಬಿಸಲಾಗೂ ಬಿಟ್ಟಿಲ್ಲ. ನೀ ಯಾಕ ನಿನ್ನ ಕೂಸನ್ನ ಬಿಟ್ಟ ಹೋಗಬೇಕಂತ ಹೊಚ್ಚೇನಿ."

ರಂಜನಾಳಿಗೆ ತನ್ನ ತೋಳದ ಮಾತು ನೆನಪಾಗಿ ನಾಚಿಕೆಯಿಂದ ಮುಖ ಬಿಸಿಯಾಯಿತು. ಅಳು ಬಂತು, ಅಳುವುದಕ್ಕೆ ಹೊತ್ತಿರಲಿಲ್ಲ. ಪ್ಲಗ್ಗು ಕಿತ್ತು, ಡಬ್ಬಿಯನ್ನು ಜಗಲಿಯ ತುದಿಗೆ, ಗಾಳಿಗೆ ಇಟ್ಟಳು.

"ಅದಕ್ಕ ಶಕಿ ಆಗತೈತಿ ಅತ್ತಿ. ಉಸರ ಕಟ್ಟಿ ನಿಲ್ಲತೈತಿ. ಗಾಳಿ ಬೇಕು ಅದಕ್ಕ."

ಕರೆವ್ವ ಅಡುಗೆಮನೆಯಿಂದ ಜೋಳ ಕೇರುವ ಮೊರ ತಂದಳು.

ರಂಜನಾ ಪರೀಕ್ಷೆಗೆ ಕೂತಳು. ಕಂಪನಿಯ ಡಾಕ್ಟರು ಯಾರದೋ ಮೊಣಕಾಲಿನ ಕಥೆಯನ್ನು ಗಡಿಬಿಡಿಯಲ್ಲಿ ಹೇಳುತ್ತ ಹೋದರು. ಅವಳ ಬೆರಳು ಅವರ ಹಿಂದೆ ಓಡಿದವು, ಮನಸ್ಸು ಮಾತ್ರ ಪ್ರತಿ ಉಸಿರಿಗೂ ಬಾಗಿಲಾಚೆ ಹೋಗಿ ಬರುತ್ತಿತ್ತು. ಡಾಕ್ಟರು ನಡುವೆ ಕೆಮ್ಮಲು ನಿಂತಾಗ ಎಳೆ ಕಡಿಯಿತೆಂದೇ ಅವಳು ಕುರ್ಚಿಯಿಂದ ಅರ್ಧ ಎದ್ದಳು. ಮತ್ತೆ ದನಿ ಬಂತು. ಕೊನೆಯ ಸಾಲು ಬಿತ್ತು. ಹೆಡ್‌ಫೋನ್ ಕಿತ್ತು ಹೊರಬಂದರೆ, ಕರೆವ್ವ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಇನ್ನೊಂದು ಕೈಯಿಂದ ಡಬ್ಬಿಗೆ ಮೊರ ಬೀಸುತ್ತಲೇ ಇದ್ದಳು. ಬೆವರಿನಿಂದ ಹಣೆಯ ಭಂಡಾರ ಮೂಗಿನ ತನಕ ಇಳಿದಿತ್ತು.

"ಮುಗೀತ್ರಿ, ಸಾಕು," ಎಂದು ರಂಜನಾ ಮೊರವನ್ನು ಕೈಯಿಂದ ಬಿಡಿಸಿಕೊಂಡಳು.

ಸಂಜೆ ಕಂಪನಿಯಿಂದ ಮೇಲ್ ಬಂತು, ಪಾಸು. ಯಲ್ಲಾಲಿಂಗ ಪೇಢೆ ತರಲು ಪೇಟೆಗೆ ಓಡಿದ. ಅಷ್ಟರಲ್ಲಿ ಸಹಾಯವಾಣಿಯ ಹುಡುಗ ತಾನಾಗಿಯೇ ಫೋನು ಮಾಡಿದ. ಕರೆವ್ವ ಅಷ್ಟು ದಿನದ ರೂಢಿಯಂತೆ ಎತ್ತಿಕೊಂಡು ಜಗಲಿಯ ಮುಂದೆ ನಿಂತಳು.

"ಅಮ್ಮಾ, ಈಗ ಲೈಟ್ ದೊಡ್ಡದಾಗಿದೆ ತಾನೆ?"

"ಬಿಡ್ತು ಅನ್ನಪಾ," ಅಂದಳು ಕರೆವ್ವ. "ದೊಡ್ಡದ್ಯಾಕ ಆಗ್ಲಿ? ಸಣ್ಣಗ ಉರಿಯಾಕತ್ತೇತಿ. ಹಂಗ ಇರಲಿ."

ರಂಜನಾ ಫೋನು ತೆಗೆದುಕೊಂಡು ತಿದ್ದಿ ಹೇಳಬಹುದಾಗಿತ್ತು. ಹೇಳಲಿಲ್ಲ. ದೀಪ ಆರುವ ಮಾತು ಈ ಮನೆಯಲ್ಲಿ ಆಡುವಂಥದ್ದಲ್ಲ ಎಂದು ಅವಳಿಗೂ ಈಗ ಅನಿಸಿತ್ತು.

ಸೋಮವಾರ ಬೆಳಿಗ್ಗೆ, ಹುಬ್ಬಳ್ಳಿಯ ಬಸ್ಸು ಬಿಡುವ ಹೊತ್ತಿಗೆ, ಹಣಮಂತ ಏಣಿ ಹೊತ್ತು ಬಂದು ಬಾಗಿಲು ಬಡಿದ.

"ದೀಪ ಸಣ್ಣದಾಗೇತಂತ ಕಂಪ್ಲೇಂಟ್ ಬಂದೈತ್ರಿ."

"ಬರ್ರಿ, ಚಾ ಕುಡೀರಿ," ಎಂದು ರಂಜನಾ ಬಾಗಿಲು ತೆರೆದಳು. ಅವಳ ಸೊಂಟದ ಮೇಲೆ ಉಮಾಶ್ರೀ ಇದ್ದಳು.