ಪಟ್ಟಿಯಲ್ಲಿ ಇಲ್ಲದವನು

ಮದ್ದೂರಿನ ತಾಲ್ಲೂಕು ಕಚೇರಿ ಎದುರಿನ ಸೈಬರ್ ಅಂಗಡಿಯಲ್ಲಿ ಚಂದನ ಊರವರಿಗೆಲ್ಲ ಪಹಣಿ, ಜಾತಿ ಸರ್ಟಿಫಿಕೇಟು ಹುಡುಕಿ ಕೊಡುವವಳು. ಆ ಗುರುವಾರ ಮಾತ್ರ ಬಾಗಿಲು ಅರ್ಧ ಎಳೆದುಕೊಂಡು ಸ್ವಂತ ತಮ್ಮನನ್ನು ಹುಡುಕುತ್ತ ಕೂತಿದ್ದಳು. ಹುಡುಕುತ್ತಿದ್ದ ಜಾಗ ಮಾತ್ರ ಯಾರಿಗೂ ಬೇಡ: ಬೆಂಗಳೂರಿನ ಪೊಲೀಸರು ಹಿಡಿದವರ ಪಟ್ಟಿ.

ತಮ್ಮ ಗಗನ ಹಿಂದಿನ ದಿನ ಬೆಳಗ್ಗೆ ಮದ್ದೂರು ಮಾರುಕಟ್ಟೆಯಿಂದ ಗೂಡ್ಸ್ ಗಾಡಿಗೆ ಎಳನೀರು ತುಂಬಿಕೊಂಡು ಬೆಂಗಳೂರಿಗೆ ಹೋಗಿದ್ದ. ಮಧ್ಯಾಹ್ನದ ಹೊತ್ತಿಗೆ ಅವನ ಫೋನು ಸತ್ತಿತು. ಸಂಜೆ ಅಲ್ಲಿಯ ಎಳನೀರು ವ್ಯಾಪಾರಿ ಫೋನ್ ಮಾಡಿ, ಮಫ್ತಿಯಲ್ಲಿದ್ದ ಪೊಲೀಸರು ಗಾಡಿ ಸಮೇತ ಅವನನ್ನು ಕರೆದೊಯ್ದರು ಎಂದ. ಯಾವುದೋ ಬಿಳಿ ಗೂಡ್ಸ್ ಗಾಡಿ ಯಾರನ್ನೋ ಗುದ್ದಿ ನಿಲ್ಲಿಸದೆ ಹೋಗಿತ್ತಂತೆ, ಗಗನನ ಗಾಡಿಯೂ ಬಿಳಿಯದೇ. ಯಾವ ಠಾಣೆ ಎಂದರೆ ಅವನಿಗೆ ಗೊತ್ತಿಲ್ಲ. ಬೆಂಗಳೂರೇನು ಮದ್ದೂರೇ, ಒಂದು ಠಾಣೆ, ಒಂದು ಬಸ್ ಸ್ಟ್ಯಾಂಡು ಅನ್ನುವುದಕ್ಕೆ?

ಪೊಲೀಸರ ವೆಬ್‌ಸೈಟಿನಲ್ಲಿ ಒಂದೊಂದೇ ಠಾಣೆಯ ಹೆಸರು ಒತ್ತಿ ನೋಡಿದಳು. ಕಳ್ಳರಿದ್ದರು, ಕುಡಿದು ಬಡಿದಾಡಿದವರಿದ್ದರು, ಎಲ್ಲ ಜಿಲ್ಲೆಯವರೂ ಇದ್ದರು. ಮದ್ದೂರಿನ ಗಗನ ಇರಲಿಲ್ಲ. ಪ್ರತಿ ಸಲ ಹೆಸರಿಲ್ಲದ ಪಟ್ಟಿ ಬಿಚ್ಚಿಕೊಂಡಾಗಲೂ ಅವಳಿಗೆ ಒಂದು ಕ್ಷಣ ಸಮಾಧಾನ, ಮರುಕ್ಷಣ ಹಾಗಾದರೆ ಎಲ್ಲಿ ಎಂಬ ಪ್ರಶ್ನೆ.

ಪಕ್ಕದ ಮಹಡಿಯಲ್ಲಿ ಕಚೇರಿ ಇಟ್ಟುಕೊಂಡಿದ್ದ ವಕೀಲೆ ವೀಣ ಕೋರ್ಟಿಗೆ ಹೊರಟವರು ಅವಳ ಮುಖ ನೋಡಿ ನಿಂತರು. ವಿಷಯ ಕೇಳಿದ ಮೇಲೆ ಅವರ ಮುಖವೂ ಗಂಭೀರವಾಯಿತು.

"ಹಿಡಿದ ಮೇಲೆ ಮನೆಯವರಿಗೆ ತಿಳಿಸಬೇಕು. ಕಂಟ್ರೋಲ್ ರೂಮಿಗೆ ಹೆಸರು ಕಳಿಸಬೇಕು, ಅಲ್ಲಿ ಬೋರ್ಡಿಗೆ ಹಾಕ್ತಾರೆ. ಇಪ್ಪತ್ನಾಲ್ಕು ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು. ಕಂಟ್ರೋಲ್ ರೂಮಿಗೆ ಫೋನ್ ಮಾಡಿದ್ಯಾ?"

"ಮಾಡ್ದೆ ಮೇಡಂ. ಆ ಎಸ್ರು ಇಲ್ಲ ಅಂದ್ರು."

"ಹಾಗಿದ್ರೆ ಹಿಡಿದಿರೋದನ್ನ ಬರ್ಕೊಂಡಿಲ್ಲ," ಎಂದರು ವೀಣ. "ಚಂದನ, ಹೆಸರು ಇದ್ರೆ ನಾನು ಹೆದರೋದಿಲ್ಲ. ಇಲ್ದಿದ್ರೇ ಹೆದರಿಕೆ. ಯಾವ ಠಾಣೆ ಅಂತ ಮೊದ್ಲು ಪತ್ತೆ ಮಾಡು. ಏನಾದ್ರೂ ಮಾಡಿ ಬರೆಸು. ಉಳಿದದ್ದು ಜಡ್ಜ್ ಮುಂದೆ ನೋಡ್ಕೊಳ್ಳೋಣ."

ಅವರು ಮೆಟ್ಟಿಲು ಇಳಿದು ಹೋಗುತ್ತಿದ್ದಂತೆ ನಿಂಗಯ್ಯ ಬಂದ. ಚಂದನಳ ಸೋದರಮಾವ, ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯವನು, ಒಂದು ಕಾಲದ ಪಂಚಾಯ್ತಿ ಮೆಂಬರು. ಅವಳ ಅಪ್ಪ ಮರಿಸಿದ್ದಯ್ಯ ತೀರಿಕೊಂಡ ಮೇಲೆ ಆ ಮನೆಯ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಅವನೇ ಯಜಮಾನ. ಭಾನುವಾರ ಚಂದನಳ ಲಗ್ನಪತ್ರಿಕೆ ಬರೆಸುವ ಶಾಸ್ತ್ರವಿತ್ತು. ಗಂಡಿನ ಕಡೆಯವರು ಬಸರಾಳಿನವರು. ಹೆಣ್ಣಿನ ಕಡೆಯಿಂದ ರುಜು ಹಾಕಬೇಕಾದವನು ನಿಂಗಯ್ಯನೇ, ಅದಕ್ಕೆಂದೇ ಕೊಂಡ ಹೊಸ ಪೆನ್ನು ವಾರದಿಂದ ಅವನ ಜೇಬಿನಲ್ಲಿ ಮಿಂಚುತ್ತಿತ್ತು.

"ಕಾಫಿ ತರುಸವ್ವ," ಎಂದು ನಿಂಗಯ್ಯ ಬೆಂಚಿನ ಮೇಲೆ ಕೂತ.

ಚಂದನಳಿಗೆ ಮೈ ಉರಿಯಿತು. ಹಡೆದವ್ವ ಮರಿತಾಯಮ್ಮ ಮನೆಯಲ್ಲಿ ಒಲೆ ಹಚ್ಚದೆ ಕೂತಿದ್ದಾಳೆ, ಇವನಿಗೆ ಕಾಫಿಯಂತೆ. "ಮಾವ, ಗಗನ ಎಲ್ಲವ್ನೋ ಗೊತ್ತಿಲ್ಲ. ನಿಂಗೆ ಕಾಫಿ ಒಳೀಕೋಯ್ತದಾ?"

"ಬತ್ತಾನೆ ಬುಡವ್ವ. ಎಲ್ಲೋಯ್ತಾನೆ? ಆ ಪಟ್ಟಿ ಪಿಟ್ಟಿ ಉಡುಕ್ಬ್ಯಾಡ, ಅದ್ರಲ್ಲಿ ಸಿಕ್ಕಾಕಿಲ್ಲ ಅವ್ನು."

ಮೌಸಿನ ಮೇಲಿದ್ದ ಅವಳ ಕೈ ನಿಂತಿತು. ತಾನು ಪಟ್ಟಿ ಹುಡುಕುತ್ತಿರುವುದು ಸರಿ, ಅದರಲ್ಲಿ ಸಿಗುವುದಿಲ್ಲವೆಂದು ಇವನಿಗೆ ಹೇಗೆ ಗೊತ್ತು? ತಿರುಗಿ ಮಾವನ ಮುಖವನ್ನೇ ನೋಡಿದಳು. ಅವನು ಗೋಡೆಯ ಕ್ಯಾಲೆಂಡರ್ ನೋಡಿದ.

"ಮಾವ. ನಿಂಗೊತ್ತು ಅವ್ನು ಎಲ್ಲವ್ನೆ ಅಂತ."

ನಿಂಗಯ್ಯ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು.

ನಡೆದದ್ದು ಇಷ್ಟು. ಫೋನು ಕಿತ್ತುಕೊಳ್ಳುವ ಮೊದಲು ಗಗನ ಒಂದು ಕರೆ ಮಾಡಿದ್ದ. ಅವ್ವ ಗಾಬರಿಯಾದಾಳೆಂದು ಮನೆಗಲ್ಲ, ಮಾವನಿಗೆ. ನಿಂಗಯ್ಯ ನಮ್ಮ ಜನ ಮಾಡುವುದನ್ನೇ ಮಾಡಿದ. ಆ ಠಾಣೆಯಲ್ಲಿ ನಮ್ಮ ಕಡೆಯವರು ಯಾರಿದ್ದಾರೆಂದು ವಿಚಾರಿಸಿದ. ಆಸ್ಪತ್ರೆಯಾಗಲಿ, ಕಚೇರಿಯಾಗಲಿ, ಮೊದಲು ನಮ್ಮ ಕಡೆಯವರನ್ನು ಹುಡುಕದೆ ಈ ಸೀಮೆಯವರು ಹೊಸ್ತಿಲು ದಾಟಿದ್ದುಂಟೆ? ಮಳವಳ್ಳಿ ಕಡೆಯ ದಫೇದಾರನೊಬ್ಬ ಸಿಕ್ಕಿದ. ಫೋನಿನಲ್ಲೇ ಅವನಿಗೆ ಕೈಮುಗಿದು, ಭಾನುವಾರ ಮನೆಯಲ್ಲಿ ಶುಭಕಾರ್ಯವಿದೆ, ದಯಮಾಡಿ ಏನನ್ನೂ ಬರೆಯಬೇಡಿ, ವಿಚಾರಿಸಿ ಕಳಿಸಿಕೊಡಿ ಎಂದು ಕೇಳಿಕೊಂಡಿದ್ದ. ದಫೇದಾರ ಆಗಲಿ ಎಂದಿದ್ದ. ಹೆಸರು ಉಳಿಯಿತಲ್ಲ ಎಂದು ನಿಂಗಯ್ಯ ಅವತ್ತು ರಾತ್ರಿ ನೆಮ್ಮದಿಯಾಗಿ ಮಲಗಿದ್ದನಂತೆ!

"ಬರ್ದ್ರೆ ಕಂಪ್ಯೂಟರ್ಗೋಯ್ತದೆ," ಎಂದ. "ಕಂಪ್ಯೂಟರ್ಗೋದ್ರೆ ಬಸರಾಳ್ಗೋಗಾಕೆ ಎಸ್ಟೊತ್ತವ್ವ? ಅಲ್ಲೂ ನಿನ್ನಂತೋಳೊಬ್ಳು ಅಂಗ್ಡಿ ಮಡಿಕ್ಕಂಡಿರ್ತಾಳೆ. ನಿನ್ನ ಮದುವೆ ಮುರುದೋದ್ರೆ ನಿಮ್ಮಪ್ಪುಂಗೆ ನಾನೇನ್ ಉತ್ರ ಕೊಡ್ಲಿ ಅಂತ ಎದೆ ಒಡ್ಕತು ಕಣವ್ವ."

ಅವನ ಕಣ್ಣು ತುಂಬಿದ್ದು ನಿಜ. ಚಂದನಳಿಗೆ ಆ ಕಣ್ಣೀರು ನೋಡಿ ಅಯ್ಯೋ ಅನ್ನಿಸಿತು, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುವಷ್ಟು ಸಿಟ್ಟೂ ಬಂತು.

"ಬರ್ದಿದ್ರೆ ಜಡ್ಜ್ ಮುಂದೆ ತಂದು ನಿಲ್ಲುಸ್ಬೇಕಿತ್ತು ಮಾವ. ಬರೀದಿದ್ರೆ ಅವ್ನು ಅಲ್ಲಿ ಇಲ್ವೇ ಇಲ್ಲ. ಇಲ್ದೋನ್ಗೆ ಏನ್ ಮಾಡುದ್ರೂ ಕೇಳೋರ್ಯಾರು? ನಾನೇ ಗುದ್ದಿದ್ದು ಅಂತ ಒಪ್ಪೋಗಂಟ ಬಡೀತಾರೆ. ಏಳು, ಬಸ್ಸತ್ತು."

ಇಬ್ಬರೂ ಬೆಂಗಳೂರಿನ ಬಸ್ಸು ಹತ್ತಿದರು. ಚನ್ನಪಟ್ಟಣ ದಾಟಿದ ಮೇಲೆ ನಿಂಗಯ್ಯ ದಫೇದಾರನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಮೂರನೇ ಸಲಕ್ಕೆ ಫೋನು ಸ್ವಿಚ್ ಆಫ್ ಆಗಿತ್ತು. ಅವನ ಮುಖದ ಬಣ್ಣ ಆಗ ಇಳಿಯಿತು. ಕಿಟಕಿಯ ಕಂಬಿ ಹಿಡಿದ ಕೈ ರಾಮನಗರ ಬಂದರೂ ಸಡಿಲವಾಗಲಿಲ್ಲ.

ಠಾಣೆ ನಗರದ ಅಂಚಿನಲ್ಲಿತ್ತು. ಹಿಂದಿನ ಬಯಲಿನಲ್ಲಿ ಗಗನನ ಗಾಡಿ ನಿಂತಿತ್ತು, ಎಳನೀರು ಮುಕ್ಕಾಲು ಪಾಲು ಖಾಲಿಯಾಗಿತ್ತು. ಯಾರು ಕುಡಿದರೆಂದು ಕೇಳುವ ಹಾಗಿಲ್ಲ. ಒಳಗೆ ಸಬ್‌ಇನ್ಸ್‌ಪೆಕ್ಟರ್ ಫೈಲಿನಿಂದ ತಲೆ ಎತ್ತದೆಯೇ, "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ," ಎಂದ.

ಚಂದನಳ ಕಣ್ಣು ಹಿಂದಿನ ಕೋಣೆಯ ಬಾಗಿಲಿಗೆ ಬಿತ್ತು. ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿ. ಎಡಗಾಲಿನದರ ಉಂಗುಷ್ಠ ಕಿತ್ತಿದ್ದಕ್ಕೆ ಗೊನೆ ಇಳಿಸುವ ನೀಲಿ ಹಗ್ಗದ ಎಳೆಯಿಂದ ಹೊಲಿಗೆ. ಹೊಸದು ತಗೊಳ್ಳೋ ಎಂದು ಅವಳು ಬೈದು ಬೈದು ಸಾಕಾಗಿದ್ದ ಚಪ್ಪಲಿ.

"ಸಾರ್, ಅದು ನನ್ ತಮ್ಮನ್ ಚಪ್ಲಿ."

ಆಗ ಸಬ್‌ಇನ್ಸ್‌ಪೆಕ್ಟರ್ ತಲೆ ಎತ್ತಿದ. ಅವಳನ್ನು ಬಿಟ್ಟು ಹಿಂದೆ ನಿಂತ ನಿಂಗಯ್ಯನನ್ನು ನೋಡಿ ದನಿ ಬದಲಾಯಿಸಿದ. "ಓ, ನಮ್ಮ ದಫೇದಾರ ಹೇಳಿದ ಮಾವ ನೀವಾ ಯಜಮಾನ್ರೇ. ನೀವೇ ತಾನೆ ಬರೆಯಬೇಡಿ ಅಂತ ಹೇಳಿಸಿದ್ದು? ನಿಮ್ಮ ಮಾತಿಗೇ ಬಿಟ್ಟಿದ್ದೀವಿ. ಹುಡುಗ ಸ್ವಲ್ಪ ಹಠಮಾರಿ. ಒಪ್ಪಿಕೊಂಡ್ರೆ ಎಲ್ಲ ಸಲೀಸು."

"ಬರ್ಕೊಳ್ಳಿ ಸಾರ್," ಎಂದಳು ಚಂದನ. "ಇಡ್ದಿದ್ದೀವಿ ಅಂತ ಬರ್ಕೊಳ್ಳಿ. ಕಂಟ್ರೋಲ್ ರೂಮಿಗೆ ಎಸ್ರು ಕಳ್ಸಿ. ಬೆಳಗ್ಗೆ ಕೇಳಿದ್ದಕ್ಕೆ ಇಲ್ಲ ಅಂದವ್ರೆ, ಆ ಮಾತು ನನ್ ಫೋನಲ್ಲಿ ರೆಕಾರ್ಡಾಗೈತೆ. ಚಪ್ಲಿ ಇಲ್ಲೈತೆ."

ಸಬ್‌ಇನ್ಸ್‌ಪೆಕ್ಟರ್ ನಕ್ಕ. "ಬರೆದ್ರೆ ಅಳಿಸೋಕಾಗಲ್ಲ ತಾಯಿ. ಊರಿಗೂರೇ ನೋಡುತ್ತೆ. ನಿಂದೇ ಅಲ್ವಾ ಭಾನುವಾರದ ಶಾಸ್ತ್ರ? ಹಿರಿಯರನ್ನ ಕೇಳು ಒಂದ್ಸಲ. ಏನ್ ಯಜಮಾನ್ರೇ, ಬರೀಲಾ?"

ನಿಂಗಯ್ಯ ಚಪ್ಪಲಿ ನೋಡಿದ. ಚಂದನ ಅವನತ್ತ ತಿರುಗಲಿಲ್ಲ, ತಿರುಗಿದರೆ ತಾನೇ ಅತ್ತುಬಿಡುವ ಭಯ. ಈಗ ಇವನು ಬೇಡ ಅಂದರೆ ಬಾಗಿಲು ಮುಚ್ಚಿದಂತೆಯೇ. ಯಜಮಾನನ ಮಾತಿನೆದುರು ಇಪ್ಪತ್ತೈದರ ಹುಡುಗಿಯ ಮಾತನ್ನು ಇವರು ಕಿವಿಗೆ ಹಾಕಿಕೊಂಡಾರೆಯೆ?

ಆ ಹೊತ್ತಿಗೆ ಒಳಗಿನಿಂದ ಯಾರೋ ಕೆಮ್ಮಿದರು. ನೀರು ಕೇಳುವವರ ಕೆಮ್ಮು. ಹುಟ್ಟಿದಾಗ ನಿಂಗಯ್ಯನೇ ಮೊದಲು ಎತ್ತಿಕೊಂಡಿದ್ದ ಹುಡುಗನ ದನಿ ಅದು.

"ಬರ್ಕೊಳಿ ಸ್ವಾಮಿ," ಎಂದ ನಿಂಗಯ್ಯ. ಕೈಮುಗಿಯಲಿಲ್ಲ. "ನಾನೇ ಬರೀಬ್ಯಾಡಿ ಅಂದಿದ್ದು, ನಾನೇ ಬರೀರಿ ಅಂತೀವ್ನಿ. ಸಾಕ್ಸಿ ರುಜು ಬೇಕಲ್ವಾ? ನಾನಾಕ್ತೀನಿ."

ಬಹಳ ಹೊತ್ತಿನ ಮೇಲೆ ಕಾಗದ ಬಂತು. ನಿನ್ನೆಯೇ ಹಿಡಿದಿದ್ದರೂ ಹಿಡಿದದ್ದು ಇವತ್ತೇ ಎಂದು ಬರೆದಿದ್ದರು. ಚಂದನ ಬಾಯಿ ತೆರೆದವಳು, ಉಳಿದದ್ದು ಜಡ್ಜ್ ಮುಂದೆ ಎಂಬ ವಕೀಲೆಯ ಮಾತು ನೆನೆದು ಹಲ್ಲು ಕಚ್ಚಿದಳು. ನಿಂಗಯ್ಯ ಜೇಬಿನಿಂದ ಹೊಸ ಪೆನ್ನು ತೆಗೆದ. ಲಗ್ನಪತ್ರಿಕೆಗೆಂದು ಕಾದಿಟ್ಟಿದ್ದ ಪೆನ್ನಿನ ಮೊದಲ ರುಜು ಸೋದರಳಿಯನ ಬಂಧನದ ಕಾಗದಕ್ಕೆ ಬಿತ್ತು.

ಗಗನನನ್ನು ಹೊರಗೆ ಕರೆತಂದರು. ಅಂಗೈ ಎರಡೂ ಊದಿದ್ದವು, ಪೆನ್ನು ಹಿಡಿಯಲು ಆಗಲಿಲ್ಲ. ಮಾವ ಅವನ ಬೆರಳು ಮಡಿಸಿ ಹಿಡಿಸಿ, ಮೇಲೆ ತನ್ನ ಕೈಯಿಟ್ಟು ರುಜು ಹಾಕಿಸಿದ. ಗಗನ ಅಕ್ಕನ ಕಡೆ ನೋಡಿ ಮೆಲ್ಲಗೆ ಕೇಳಿದ.

"ಅಕ್ಕ, ಬರ್ಕಂಡ್ರಲ್ಲ. ಇನ್ಮ್ಯಾಕೆ ವಡಿಯಾಕಿಲ್ಲ ಅಲ್ವಾ?"

ಚಂದನ ಹೌದೆಂಬಂತೆ ತಲೆ ಆಡಿಸಿದಳು.

ಕತ್ತಲಾಗುವ ಮೊದಲು ಅವನನ್ನು ಜಡ್ಜ್ ಮುಂದೆ ಹಾಜರುಪಡಿಸುವುದಾಗಿ ಹೇಳಿದರು. ವೀಣ ತಮ್ಮ ಪರಿಚಯದ ವಕೀಲರೊಬ್ಬರನ್ನು ಕೋರ್ಟಿಗೆ ಕಳಿಸುವುದಾಗಿ ಫೋನಿನಲ್ಲೇ ಒಪ್ಪಿಕೊಂಡರು. ಠಾಣೆಯ ಹೊರಗಿನ ಹೊಂಗೆ ಮರದ ಕೆಳಗೆ ನಿಂತು ಚಂದನ ಕಂಟ್ರೋಲ್ ರೂಮಿಗೆ ಮತ್ತೊಮ್ಮೆ ಫೋನ್ ಮಾಡಿದಳು. ಈ ಸಲ ಆ ಕಡೆಯ ದನಿ, "ಗಗನ, ತಂದೆ ಮರಿಸಿದ್ದಯ್ಯ, ಮದ್ದೂರು. ಹೌದಮ್ಮ, ಇದೆ," ಎಂದಿತು. ಅವಳು ಆಗ ಅತ್ತಳು, ದಾರಿಹೋಕರು ನೋಡುತ್ತಾರೆಂಬ ಪರಿವೆಯೂ ಇಲ್ಲದೆ.

ಕಣ್ಣೊರೆಸಿಕೊಂಡು ನೋಡಿದರೆ ನಿಂಗಯ್ಯ ದೂರದಲ್ಲಿ ಫೋನು ಹಿಡಿದು ನಿಂತಿದ್ದ. "ಬಸರಾಳ್ಗೆ ನಾನೇ ಏಳ್ತೀನಿ ಕಣವ್ವ," ಎಂದ. "ಯಾರ್ ಬಾಯಿಂದ್ಲೋ ಕೇಳೋದ್ಕಿಂತ ಅದೇ ವಾಸಿ. ಬಂದ್ರೆ ಬರ್ಲಿ, ಬುಟ್ರೆ ಬುಡ್ಲಿ."

ಅವಳು ಅವ್ವನಿಗೆ ಫೋನ್ ಮಾಡಿದಳು. ಮರಿತಾಯಮ್ಮ ಒಂದೇ ರಿಂಗಿಗೆ ಎತ್ತಿದಳು.

"ಸಿಕ್ಕುದ್ನಾ ಮಗ?"

"ಪೋಲೀಸ್ರು ಪಟ್ಟೀಲಿ ಅವ್ನ ಎಸ್ರು ಬಂದದೆ ಕಣವ್ವ."

ಅವ್ವ ಹೆದರಿ ಹೆದರಿ ಕೇಳಿದಳು. "ಅಂಗಂದ್ರೆ ಒಳ್ಳೇದೇನವ್ವ, ಕೆಟ್ಟದ್ದೇನವ್ವ?"

"ಒಳ್ಳೇದು ಕಣವ್ವ," ಎಂದಳು ಚಂದನ. "ಒಲೆ ಅಚ್ಚು ಓಗು."