ಬಿಳಿ ಗೆರೆಯ ಪಕ್ಕ

ಆ ನಾಲ್ಕು ಬೋಲ್ಟುಗಳಲ್ಲಿ ಒಂದನ್ನು ಸಡಿಲ ಬಿಟ್ಟಿದ್ದೆನೇ? ಎಲ್ಲವನ್ನೂ ಬಿಗಿ ಮಾಡಿದ್ದು ನೆನಪಿದೆ. ಆದರೆ ನೆನಪಿರುವುದು ಬಿಗಿ ಮಾಡಿದ್ದೋ, ಮಾಡಬೇಕು ಅಂದುಕೊಂಡದ್ದೋ?

ಫೋನನ್ನು ಕಿವಿಗೆ ಒತ್ತಿಕೊಂಡು ಮಗಳು ಬಾಗಿಲಲ್ಲೇ ನಿಂತಿದ್ದಳು. ಒಳಗೆ ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಫೋನಿನಲ್ಲಿ ಸ್ಮಶಾನದ ಮಾಲಿ.

“ಅರ್ಧ ಗುಂಡಿ ತೋಡಿದ್ದೆ ಅಕ್ಕಾ. ಅಗೆಯೋ ಗಾಡಿ ಕೈ ತಾನಾಗೇ ಕೆಳಗೆ ಕೂತ್ಬಿಡ್ತು. ಎತ್ತಿದ್ರೆ ಏಳ್ತಿಲ್ಲ. ಎಣ್ಣೆ ಬೇರೆ ಸೋರಿ ಹೊಳೆ ಆಗಿದೆ.”

“ಎಲ್ಲಿಂದ ಸೋರ್ತಿದೆ?”

“ಆ ದೊಡ್ಡ ಸಿಲಿಂಡರ್ ಹತ್ರ.”

ನಾಲ್ಕು ವರ್ಷದ ಹಿಂದೆ ಗ್ಯಾರೇಜಿನಲ್ಲಿ ಆ ಸಿಲಿಂಡರನ್ನು ಬಿಚ್ಚಿ, ನಾಲ್ಕು ಬೋಲ್ಟು ಬಿಗಿದು ಮತ್ತೆ ಕೂರಿಸಿದವಳು ಅವಳೇ. ಅಪ್ಪನ ಗುಂಡಿಗೇ ಬಂದು ಅದು ಕೈಕೊಡಬೇಕಿತ್ತೇ?

“ನಾಲ್ಕು ಜನರನ್ನ ಕರೆಸೋಣ, ಗುದ್ದಲೀಲಿ ತೋಡ್ಲಿ,” ಎಂದ ಹಾರ್ನ್. ಅಪ್ಪ ಕೆಲಸಕ್ಕಿದ್ದ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಕ್ರೇನ್ ಓಡಿಸಿದವನು. ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುವ ಗಂಟಲು. ಅದಕ್ಕೇ ಆ ಹೆಸರು. “ಇವತ್ತೊಂದಿನ ನೀನು ಕೈ ಎಣ್ಣೆ ಮಾಡ್ಕೋಬೇಡ ಕಣಮ್ಮ.”

ಅಮ್ಮ ಅಪ್ಪನ ತಲೆಯ ಬಳಿಯಿಂದ ಏಳಲಿಲ್ಲ. “ಜೀವಮಾನ ಎಲ್ಲಾ ಗಾಡಿ ರಿಪೇರಿ ಮಾಡಿದ ಮನುಷ್ಯ. ಗಾಡಿ ಕೆಟ್ಟಿದೆ ಅಂತ ಅವರಿಗೆ ಗುದ್ದಲಿ ತರಿಸ್ತೀರಾ? ಹೋಗೇ ನೀನು. ಹನ್ನೆರಡಕ್ಕೆ ನಾವು ಹೊರಡ್ತೀವಿ.”

*

ಗ್ಯಾರೇಜಿನಲ್ಲಿ ಒಂದು ಕಟ್ಟುಪಾಡಿತ್ತು. ಬೋಲ್ಟು ಬಿಗಿ ಮಾಡಿದವರು ಅದರ ತಲೆಯಿಂದ ಗಾಡಿಯ ಮೈವರೆಗೆ ಬಿಳಿ ಬಣ್ಣದ ಗೆರೆ ಎಳೆಯಬೇಕು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಸಂಜೆ ಎಲ್ಲರೂ ಹೋದ ಮೇಲೆ, ಹೆಡ್ ಮೆಕ್ಯಾನಿಕ್ ಆಗಿದ್ದ ಅಪ್ಪ ಒಂದೊಂದಕ್ಕೂ ಮತ್ತೆ ಪಾನಾ ಹಾಕಿ ಬಿಗಿ ನೋಡಿ, ಬಿಳಿಯ ಪಕ್ಕದಲ್ಲಿ ತನ್ನ ಹಳದಿ ಗೆರೆ ಎಳೆಯುತ್ತಿದ್ದ. ಇಪ್ಪತ್ತು ವರ್ಷ ಪಳಗಿದವರ ಕೆಲಸಕ್ಕೂ ಅದು ತಪ್ಪುತ್ತಿರಲಿಲ್ಲ. ಯಾರ ಗೆರೆ ಯಾವುದೆಂದು ನೋಡಿದರೇ ಅವನಿಗೆ ಗೊತ್ತಾಗುತ್ತಿತ್ತು. ಎಡಗೈಯಲ್ಲಿ ಕೆಲಸ ಮಾಡುವ ಮಗಳ ಗೆರೆಗೆ ಎಡಕ್ಕೆ ವಾಲಿದ ಪುಟ್ಟ ಬಾಲವಿರುತ್ತಿತ್ತು.

ಅವಳು ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನು ಎಲ್ಲರೆದುರು ಕೇಳಿದ್ದ: “ಇದು ಯಾರ ಕೈ?”

“ನಂದು.”

“ಕಾಲು ಸುತ್ತು ತಿರುಗ್ತು. ಏನು, ನೀರಿನ ಬಾಟ್ಲಿಗೆ ಮುಚ್ಚಳ ಹಾಕ್ತಿದೀಯಾ?”

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಆಮೇಲೆ ವರ್ಷಗಟ್ಟಲೆ ಅವಳ ಕೆಲಸದ ಬಗ್ಗೆ ಅವನು ಒಳ್ಳೆಯದನ್ನೂ ಆಡಲಿಲ್ಲ, ಕೆಟ್ಟದ್ದನ್ನೂ ಆಡಲಿಲ್ಲ. ಸಂಜೆ ಕೈ ತೊಳೆದು ಹೊರಡುವಾಗ ಬೆನ್ನ ಹಿಂದೆ ಪಾನಾ ಎತ್ತಿಕೊಳ್ಳುವ ಸದ್ದು ಕೇಳಿಸುತ್ತಿತ್ತು. ಮೊದಲು ತನ್ನ ಬೋಲ್ಟುಗಳ ಹತ್ತಿರವೇ ಹೋಗುತ್ತಾನೆ ಎಂದು ಅವಳಿಗೆ ಖಾತ್ರಿಯಿತ್ತು. ತಿರುಗಿ ನೋಡುತ್ತಿರಲಿಲ್ಲ. ಮರುದಿನ ಬರುವಷ್ಟರಲ್ಲಿ ಗಾಡಿ ಹೊರಟುಹೋಗಿರುತ್ತಿತ್ತು.

*

ಸ್ಮಶಾನದ ಹುಲ್ಲು ಬಾಚಿದ ಹಾಗಿತ್ತು. ನಿವೃತ್ತಿಯಾದ ಮೇಲೆ ಎರಡು ವರ್ಷ ಅಪ್ಪ ಇಲ್ಲಿ ಹುಲ್ಲು ಕತ್ತರಿಸಿದ್ದ, ಬೇಲಿ ಸವರಿದ್ದ, ಈ ಅಗೆಯುವ ಗಾಡಿಯನ್ನೂ ನೋಡಿಕೊಂಡಿದ್ದ.

“ತುಳೀಬೇಡಿ ಅಂತ ಬೋರ್ಡೇ ಬೇಕಿರ್ಲಿಲ್ಲ,” ಎಂದ ಮಾಲಿ. “ಅವರು ಒಂದು ಸಲ ನೋಡಿದ್ರೆ ಸಾಕು, ಅಳೋಕೆ ಬಂದವರೂ ದಾರಿ ಮೇಲೇ ನಿಂತು ಅಳ್ತಿದ್ರು.”

ಮಗಳು ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದಳು. ಎಣ್ಣೆ ಒರೆಸಿದಳು. ಬಟ್ಟೆಯಡಿಯಿಂದ ಬಿಳಿ ಗೆರೆಗಳು ಒಂದೊಂದಾಗಿ ಹೊರಬಂದವು. ಒಂದು, ಎರಡು, ಮೂರು. ನಾಲ್ಕನೆಯದನ್ನು ಒರೆಸುವ ಮೊದಲು ಕೈ ತಡೆಯಿತು. ಅದೂ ಮುರಿದಿರಲಿಲ್ಲ. ಪಕ್ಕದಲ್ಲಿ ಎಣ್ಣೆಯ ಪೈಪು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಬಾಯಿ ಬಿಟ್ಟಿತ್ತು.

“ಏನಾಗಿದೆಯೇ?” ಜೊತೆಗೆ ಬಂದಿದ್ದ ಹಾರ್ನ್ ಕೂಗಿದ. ಮರದ ಮೇಲಿದ್ದ ಹಕ್ಕಿಗಳು ಎದ್ದವು.

“ಪೈಪ್ ಒಡೆದಿದೆ ಮಾವ. ಬೋಲ್ಟ್ ಅಲ್ಲ.”

“ಸೀಟ್ ಕೆಳಗೆ ನೋಡು. ಒಂದು ಪೈಪು ಇಟ್ಟಿರದೆ ಅವನು ಸತ್ತಿರಲ್ಲ.”

ಇತ್ತು. ಬಟ್ಟೆ ಸುತ್ತಿ, ಎರಡೂ ತುದಿಗೆ ಬಿರಡೆ ಹಾಕಿ ಇಟ್ಟಿದ್ದ. ಜೊತೆಗೆ ಬಿಳಿಯದೊಂದು, ಹಳದಿಯದೊಂದು ಬಣ್ಣದ ಡಬ್ಬಿ. ಸೀಟಿನ ಬೋಲ್ಟುಗಳಿಗೂ ಹಳದಿ ಗೆರೆ, ಚಕ್ರಗಳಿಗೂ ಹಳದಿ.

“ಕನ್ನಡಿ ಸ್ಕ್ರೂನೂ ಬಿಟ್ಟಿಲ್ಲ,” ಎಂದ ಮಾಲಿ. “ಇಲ್ಲಿಗೆ ಬಂದ ಮೊದಲನೇ ದಿನವೇ ಇಡೀ ಗಾಡಿಗೆ ಪಾನಾ ಹಾಕಿದ್ರು. ನಾನು ಬಿಗಿದಿದ್ದಕ್ಕಂತೂ ಎರಡೆರಡು ಸಲ. ಸಿಲಿಂಡರ್ ಹತ್ರ ಬಂದು ಬಗ್ಗಿ ನೋಡಿದ್ರು, ಡಬ್ಬಿ ಮುಚ್ಚಿದ್ರು. ‘ಅದಕ್ಕೆ ಬೇಡ್ವಾ ಸಾರ್?’ ಅಂದೆ. ‘ಅದು ಆಗಿದೆ’ ಅಂದ್ರು.”

ಅವಳು ಮತ್ತೆ ಗಾಡಿಯ ಕೆಳಗೆ ಸರಿದಳು. ಎಡಕ್ಕೆ ವಾಲಿದ ಬಾಲದ ನಾಲ್ಕು ಬಿಳಿ ಗೆರೆಗಳು. ಪಕ್ಕದಲ್ಲಿ ಹಳದಿ ಇರಲಿಲ್ಲ. ನಾಲ್ಕು ವರ್ಷದ ಬಣ್ಣ, ಪಾನಾದ ಒಂದು ಗೀರೂ ಇಲ್ಲದೆ, ಹಚ್ಚಿದ ಹಾಗೇ ಇತ್ತು. ಪೈಪು ಬದಲಿಸುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅವಳು ಅಲ್ಲೇ ಇದ್ದಳು.

ಹೊರಗೆ ಬಂದು, ಹೊಸ ಎಣ್ಣೆ ಸುರಿದು ಗಾಡಿಯ ಕೈ ಎತ್ತಿಸಿದಳು. ಕಾಲು ಗಂಟೆ ಕಾದರು. ಬೆರಳಷ್ಟೂ ಇಳಿಯಲಿಲ್ಲ. ಅವಳು ಮತ್ತೆ ಬಗ್ಗಿ, ಹೊಸ ಪೈಪಿನ ನಟ್ಟಿಗೆ ಬಿಳಿ ಗೆರೆ ಎಳೆದಳು.

ಹಾರ್ನ್ ಹಳದಿ ಡಬ್ಬಿ ಹಿಡಿದು ನಿಂತಿದ್ದ. “ಹಚ್ಚಲಾ? ಅವನ ಲೆಕ್ಕದಲ್ಲಿ?” ಹುಟ್ಟಿದಾಗಿನಿಂದ ಮೊದಲ ಸಲ ಅವನ ದನಿ ಸಣ್ಣದಾಗಿತ್ತು.

“ಬೇಡ ಮಾವ. ಅದು ಆಗಿದೆ.”

ಉಳಿದ ಗುಂಡಿಯನ್ನು ಅವಳೇ ತೋಡಿದಳು.

ಹನ್ನೆರಡೂವರೆಗೆ ಅಪ್ಪ ಬಂದ. ಹಿಂದೆ ರೋಲರ್ ಓಡಿಸುವವರು, ಕ್ರೇನಿನವರು, ವೆಲ್ಡರುಗಳು. ಹುಲ್ಲಿನ ಮೇಲೆ ಕಾಲಿಡದೆ ದಾರಿಯುದ್ದಕ್ಕೂ ಸಾಲಾಗಿ ನಡೆದುಬಂದರು. ಅಮ್ಮ ಬಗ್ಗಿ ಗುಂಡಿಯ ಅಂಚು ನೋಡಿದಳು. “ನೇರ ಬಂದಿದೆ,” ಎಂದಳು. ಮಗಳ ಎಣ್ಣೆಗೈಯನ್ನು ಒರೆಸಲು ಹೋಗದೆ, ಹಾಗೇ ಹಿಡಿದುಕೊಂಡಳು.

ನೀನು ಬಿಗಿ ಮಾಡಿದ್ದನ್ನು ನಾನು ತಿರುಗಿ ನೋಡುವುದಿಲ್ಲ ಎಂದು ಅಪ್ಪ ಅವಳಿಗೆ ಒಂದು ದಿನವೂ ಹೇಳಿರಲಿಲ್ಲ.