ಮೈ ಇಳಿದರೆ ರೋಗ ಇಳಿದಂತಲ್ಲ

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಸಾಕು, ಬಂದವರೆಲ್ಲ ವೈದ್ಯರಾಗುತ್ತಾರೆ. ಅದು ತಿನ್ನಬೇಡಿ, ಇದು ಮುಟ್ಟಬೇಡಿ. ಒಬ್ಬ ದರ್ಜಿಯ ಮನೆಯಲ್ಲಿ ಆ ಕೆಲಸವನ್ನು ದರ್ಜಿಯೇ ವಹಿಸಿಕೊಂಡಿದ್ದ.

ಅವನ ಹೆಂಡತಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಸ್ಪತ್ರೆಯಲ್ಲಿ ಕೀಮೋ ನಡೆಯುತ್ತಿತ್ತು. ಕ್ಯಾನ್ಸರ್ ಕಣಗಳು ಕೊಬ್ಬು ತಿಂದು ಬೆಳೆಯುತ್ತವೆ ಎಂದು ಅವನು ಫೋನಿನಲ್ಲಿ ನೋಡಿದ. ಅವತ್ತೇ ಎಣ್ಣೆ, ಬೆಣ್ಣೆ, ಹಾಲು, ಮೊಟ್ಟೆ ಎಲ್ಲಕ್ಕೂ ಬಾಗಿಲು ಹಾಕಿದ. ಅವಳಿಗೆ ಬೇಯಿಸಿದ ತರಕಾರಿ, ಅದರ ನೀರು, ಅಷ್ಟೇ.

ಪಕ್ಕದ ಬೇಕರಿಯಾಕೆ ಬ್ರೆಡ್ಡು ತಂದಳು.

"ಏನಪ್ಪಾ ಟೈಲರ್, ಎರಡು ಚೂರು ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ತಂದ್ರೆ ಬಾಂಬು ತಂದವಳ ಥರ ನೋಡ್ತೀಯಲ್ಲ!"

"ಅಕ್ಕಾ, ಅದನ್ನ ಇವಳು ತಿನ್ನಲ್ಲ, ಒಳಗಿರೋ ಗೆಡ್ಡೆ ತಿನ್ನುತ್ತೆ. ಅದರ ಊಟ ಬಂದ್ ಮಾಡಿದೀನಿ."

"ಗೆಡ್ಡೆದೋ, ಹೆಂಡತಿದೋ?"

"ಇವಳಿಗೇನಾಗಿದೆ? ನೀವೇ ನೋಡಿ."

ಬೇಕರಿಯಾಕೆ ನೋಡಿದಳು. ಗುಂಡಿ ಹಚ್ಚುತ್ತ ಕೂತಿದ್ದವಳ ಮುಖ ಬಾಡಿತ್ತು ನಿಜ. ಆದರೆ ಅಂಗಿ ಮೈಗೆ ಹೇಳಿ ಮಾಡಿಸಿದ ಹಾಗಿತ್ತು. ಕೀಮೋ ಅಂದರೆ ಇಷ್ಟು ಸುಸ್ತು ಇದ್ದದ್ದೇ ಅಂದುಕೊಂಡು ಬ್ರೆಡ್ಡು ವಾಪಸ್ಸು ಒಯ್ದಳು.

ದರ್ಜಿ ಆಗಾಗ ಹೆಂಡತಿಯ ಸೊಂಟಕ್ಕೆ ಟೇಪು ಹಿಡಿಯುತ್ತಿದ್ದ. ಅಳತೆ ಇಳಿದರೆ ಅವನ ಮುಖ ಅರಳುತ್ತಿತ್ತು. "ನೋಡೇ, ಕೊಬ್ಬು ಕರಗ್ತಿದೆ. ಗೆಡ್ಡೆಗೂ ಹಸಿವಿನ ಬಿಸಿ ತಟ್ಟಿರುತ್ತೆ." ಅವಳು ಹೂಂ ಎನ್ನುತ್ತಿದ್ದಳು.

ಮುಂದಿನ ಕೀಮೋಗೆ ಹೋದಾಗ ಆಸ್ಪತ್ರೆಯಲ್ಲಿ ತೂಕ ನೋಡಿದರು, ರಕ್ತ ನೋಡಿದರು. ಡಾಕ್ಟರು ತಲೆ ಅಲ್ಲಾಡಿಸಿದರು. "ಇವತ್ತು ಬೇಡ. ಇಷ್ಟು ನಿಶ್ಶಕ್ತಿಯಲ್ಲಿ ಔಷಧಿ ಏರಿಸಿದರೆ ದೇಹ ತಡೆಯೋದಿಲ್ಲ."

ವಾರ್ಡಿನ ನರ್ಸು ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿಕೊಂಡಳು. ಅವಳ ಕೈ ಹೆಂಡತಿಯ ಅಂಗಿಯ ಪಕ್ಕದ ಹೊಲಿಗೆಗೆ ತಾಗಿತು. ಒಳಗೆ ಬಟ್ಟೆ ದಪ್ಪಗೆ ಮಡಚಿಕೊಂಡಿತ್ತು.

"ಇದನ್ನ ಚಿಕ್ಕದು ಮಾಡಿದ್ದು ಯಾರಮ್ಮ?"

"ನಾನೇ ಸಿಸ್ಟರ್," ಎಂದ ದರ್ಜಿ. "ದೊಗಳೆ ಅಂಗಿ ಹಾಕ್ಕೊಂಡು ಓಡಾಡಿದ್ರೆ ನನ್ನ ಮರ್ಯಾದೆ ಏನಾಗಬೇಕು? ಇಳಿದ ಹಾಗೆಲ್ಲ ಒಳಗೆ ಹಿಡಿದು ಹೊಲಿದೀನಿ."

"ಅದಕ್ಕೇ ಅಣ್ಣ, ಇವರು ಸೊರಗಿದ್ದು ಯಾರ ಕಣ್ಣಿಗೂ ಬಿದ್ದಿಲ್ಲ. ಅಂಗಿ ಜೋತು ಬಿದ್ದಿದ್ರೆ ನೆರೆಯವರಾದರೂ ನಿಮ್ಮನ್ನ ಬೈತಿದ್ರು."

ದರ್ಜಿ ಹಟದಿಂದಲೇ ಕೇಳಿದ: "ಹಾಗಾದ್ರೆ ಕ್ಯಾನ್ಸರ್ ಕೊಬ್ಬು ತಿನ್ನುತ್ತೆ ಅನ್ನೋದು ಸುಳ್ಳಾ?"

"ಸುಳ್ಳಲ್ಲ. ಅರ್ಧ ಮಾತು. ಕ್ಯಾನ್ಸರ್ ಕಣ ಬೆಳೆಯೋಕೆ, ತನ್ನ ಸುತ್ತ ಹೊಸ ಪೊರೆ ಕಟ್ಟಿಕೊಳ್ಳೋಕೆ ಕೊಬ್ಬು ಬೇಕು. ಆದರೆ ಅದು ನಿಮ್ಮ ತಟ್ಟೆ ಕಾಯ್ತಾ ಕೂರಲ್ಲ. ರಕ್ತದಿಂದ ಎಳ್ಕೊಳ್ಳುತ್ತೆ, ಎಷ್ಟೋ ಸಲ ಸಕ್ಕರೆಯಿಂದ ತಾನೇ ಮಾಡ್ಕೊಳ್ಳುತ್ತೆ. ನೀವು ಊಟ ನಿಲ್ಲಿಸಿದ್ರೆ ದೇಹ ತನ್ನ ಕೊಬ್ಬು ಕರಗಿಸುತ್ತೆ, ಜೊತೆಗೆ ಮಾಂಸಖಂಡನೂ. ಸೊರಗೋದು ಇವರು, ಗೆಡ್ಡೆ ಅಲ್ಲ."

"ಕೊಬ್ಬು ತಡೆಯೋ ಮಾತ್ರೆ ಇದೆಯಂತೆ? ಕೊಲೆಸ್ಟ್ರಾಲ್ ಮಾತ್ರೆ ಕೊಟ್ರೆ ಆಗುತ್ತೆ ಅಂತ ಯಾರೋ ಅಂದ್ರು."

"ಕಣದೊಳಗೆ ಕೊಬ್ಬು ತಯಾರಾಗೋದನ್ನ ತಡೆಯೋ ಔಷಧಿಗಳನ್ನ ಪರೀಕ್ಷೆ ಮಾಡ್ತಿದಾರೆ. ಫಲಿತಾಂಶ ಬರಲಿ. ಕೊಲೆಸ್ಟ್ರಾಲ್ ಮಾತ್ರೆನ ಡಾಕ್ಟರ್ ಹೇಳದೆ ಶುರು ಮಾಡಬೇಡಿ, ಮೊದಲಿಂದ ತಗೋತಿದ್ರೆ ನಿಲ್ಲಿಸಲೂಬೇಡಿ."

ದರ್ಜಿ ಹೆಂಡತಿಯ ಕಡೆ ತಿರುಗಿದ. "ಹಸಿವಾಗ್ತಿತ್ತೇನೆ?"

"ಆಗ್ತಿತ್ತು ರೀ."

"ಹೇಳಬಾರದಾಗಿತ್ತಾ?"

"ಟೇಪು ಹಿಡಿದಾಗ ನಿಮ್ಮ ಮುಖ ನೋಡಿ ಹೇಳೋಕಾಗಲಿಲ್ಲ. ಈ ಮನೇಲಿ ಸಂತೋಷ ಅಂತ ಇದ್ದಿದ್ದು ಅದೊಂದೇ."

ಅವನು ನರ್ಸಿನ ಕಡೆ ತಿರುಗಿ ಕೇಳಿದ: "ಸಿಸ್ಟರ್, ಇವತ್ತಿಂದ ಏನು ಕೊಡಲಿ?"

ಆಹಾರ ತಜ್ಞರು ಬಂದು ತಿಳಿಸಿದರು: ಸ್ವಲ್ಪ ಸ್ವಲ್ಪವಾಗಿ ಹಲವು ಸಲ, ಮೊಟ್ಟೆ, ಹಾಲು, ಬೇಳೆ, ಕಡಲೆಕಾಯಿ, ಅಡುಗೆಗೆ ಹದವಾಗಿ ಎಣ್ಣೆ. ಹಿಡಿಸದಿದ್ದರೆ ತಕ್ಷಣ ಹೇಳಬೇಕು. ಆಮೇಲಿನ ಭೇಟಿಯಲ್ಲಿ ತೂಕ ಇಳಿಯುವುದು ನಿಂತಿತ್ತು, ರಕ್ತವೂ ಸುಧಾರಿಸಿತ್ತು. ಕೀಮೋ ಮತ್ತೆ ಶುರುವಾಯಿತು. ರೋಗ ಗುಣವಾಗುತ್ತದೆಯೇ ಎಂದು ಡಾಕ್ಟರು ಇನ್ನೂ ಹೇಳಿಲ್ಲ. ಆದರೆ ಔಷಧಿಯನ್ನು ತಾಳಿಕೊಳ್ಳುವ ಬಲ ಅವಳಿಗೆ ಬಂದಿದೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥ ಕಾಯಿಲೆಯವರು ಇರಬಹುದು. ಆರೋಗ್ಯವಂತರು ಬೊಜ್ಜು ಬರದಂತೆ ನೋಡಿಕೊಳ್ಳುವುದು ಒಳ್ಳೆಯದೇ. ಅದು ಕೆಲವು ಕ್ಯಾನ್ಸರ್‌ಗಳ ಅಪಾಯ ತಗ್ಗಿಸುತ್ತದೆ. ಚಿಕಿತ್ಸೆಯಲ್ಲಿ ಇರುವವರ ಮಾತು ಬೇರೆ. ಒಬ್ಬೊಬ್ಬರಿಗೆ ಒಂದೊಂದು ಪಥ್ಯ. ಅದನ್ನು ಡಾಕ್ಟರು ಹೇಳಲಿ, ಫೋನು ಬೇಡ. ತೂಕ ತಾನಾಗಿ ಇಳಿಯುತ್ತಿದ್ದರೆ ಅಂದೇ ಡಾಕ್ಟರಿಗೆ ತಿಳಿಸಿ. ಗೆಡ್ಡೆಯನ್ನು ಉಪವಾಸ ಕೆಡವಲು ಹೋಗಿ ನಿಮ್ಮವರನ್ನು ಉಪವಾಸ ಕೆಡವಬೇಡಿ.